ಪೆನಿಸಿಲಿನ್ ಸೀಸೆ

ನಾಮ್ ದಿನ್ ಊರಿನ ನೂಲಿನ ಗಿರಣಿ ಕೂಗಿದರೆ
ನಮ್ಮ ಓಣಿಯ ಗಡಿಯಾರಗಳೆಲ್ಲ ತಿದ್ದಿಕೊಳ್ಳುತ್ತಿದ್ದವು.
ರಾತ್ರಿಪಾಳಿ ಮುಗಿಸಿ ಬರುವಳು ಅಮ್ಮ, ಹುಬ್ಬಿನ ಮೇಲೆ ಹತ್ತಿಯ ಧೂಳು.
ಬಂದವಳೇ ರೇಷನ್ನಿನ ಸಾಲಿಗೆ ನನ್ನನ್ನೋ,
ನಾನು ಸಿಗದಿದ್ದರೆ ಹೆಸರು ಗೀಚಿದ ಇಟ್ಟಿಗೆಯೊಂದನ್ನೋ
ನಿಲ್ಲಿಸುವಳು.
ಇಟ್ಟಿಗೆಗೆ ಹಸಿವಿಲ್ಲ. ಅದೊಂದೇ ವ್ಯತ್ಯಾಸ.

ಸಾರು ಅಂದರೆ ಬಿಸಿನೀರು, ಉಪ್ಪು,
ತೇಲಲೋ ಬೇಡವೋ ಎಂದು ತೇಲುವ ಎರಡೆಳೆ ಈರುಳ್ಳಿ ಸೊಪ್ಪು.
ನಮ್ಮ ಮಾತಿನಲ್ಲಿ ನೀರಿಗೂ ನಾಡಿಗೂ ಒಂದೇ ಪದ.
ಅಪ್ಪ ಬಟ್ಟಲೆತ್ತಿ, 'ಇಡೀ ದೇಶವೇ ಇದೆ ಇದರಲ್ಲಿ' ಎನ್ನುವನು;
ಕಿಟಕಿ ಮುಚ್ಚಿದೆಯೇ ಎಂದು ನೋಡಿಕೊಂಡು
ಆಮೇಲೆ ನಗುವನು.

ಆ ವರ್ಷ ದಕ್ಷಿಣದಿಂದ ದೊವಾನ್ ಮಾವ ಬಂದ.
ಕೋಟಿನ ಅಸ್ತರಿನ ಹೊಲಿಗೆ ಬಿಚ್ಚಿ
ಕಾಗದದ ಮೇಲೆ ಸುರಿದ ಒಂದು ಹಿಡಿ ಬಿಳಿ ಪುಡಿ.
ಪುಡಿಯಲ್ಲ, ಸೂಜಿಗಳು,
ಗುಬ್ಬಿಗೆ ಅಂಗಿ ಹೊಲಿಯಬಹುದಾದಷ್ಟು ಸಣ್ಣವು.
ಹಾರಿಹೋದೀತೆಂದು ಯಾರೂ ಉಸಿರು ಬಿಡಲಿಲ್ಲ.

ಅಮ್ಮ ಅದನ್ನು ಪೆನಿಸಿಲಿನ್ ಸೀಸೆಗೆ ತುಂಬಿ
ರಬ್ಬರು ಬಿರಡೆ ಒತ್ತಿ
ಹಿರಿಯರ ಪೀಠದಲ್ಲಿ, ಅಜ್ಜನ ಪಟದ ಹಿಂದೆ ಇಟ್ಟಳು.
ಅಳತೆಗೆ ಚಮಚವಲ್ಲ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ;
ಅದರ ತುದಿಯಲ್ಲಿ ನಿಂತಷ್ಟು, ಆರು ಬಾಯಿಗೆ.

ಆ ಮೊದಲ ಬಟ್ಟಲು!
ಏಡಿ, ಒಣ ಸೀಗಡಿ, ಅಜ್ಜಿ ಬದುಕಿದ್ದಾಗಿನ ಮೂಳೆಸಾರು,
ಎಲ್ಲ ಬಂದು ನಾಲಿಗೆಯ ಬುಡದಲ್ಲಿ ಕುಳಿತವು,
ಒಂದೂ ತನ್ನ ಹೆಸರು ಹೇಳಲಿಲ್ಲ.
ಉಪ್ಪಿಗಿಂತ ರುಚಿಯಿಲ್ಲ ಎಂದವರು
ನಮ್ಮ ಮನೆಯಲ್ಲಿ ಅಂದು ಉಂಡಿರಲಿಲ್ಲ.

ನನಗಾಗ ಒಂಬತ್ತು.
ಒಂದು ಮಧ್ಯಾಹ್ನ ಅಜ್ಜನನ್ನು ಪಕ್ಕಕ್ಕೆ ಸರಿಸಿ, ಬಿರಡೆ ಕಿತ್ತು,
ಸೀಸೆಯನ್ನು ಅಂಗೈಗೆ ಬಗ್ಗಿಸಿ
ಗೋಡೆಗೆ ಮುಖಮಾಡಿ ನೆಕ್ಕಿದೆ.
ಬರೀ ಉಪ್ಪು. ಅತ್ತು ಮುಗಿದ ಮೇಲಿನ ತುಟಿಯ ಹಾಗೆ.
ಅಂಗೈಯಲ್ಲಿ ಉಳಿದ ಹರಳು ಚೌಕ ಚೌಕ.
ಕದ್ದವರ ನಾಲಿಗೆಗೆ ರುಚಿ ಹತ್ತುವುದಿಲ್ಲ ಎಂದುಕೊಂಡೆ,
ಹೆದರಿ, ಅಡುಗೆಮನೆಯ ಉಪ್ಪನ್ನೇ ತುಂಬಿಟ್ಟೆ.
ಅಂದು ರಾತ್ರಿಯೂ ಅಮ್ಮ ಕಡ್ಡಿ ಕೊಡವಿದಳು,
ಬಟ್ಟಲಂಚಿಗೆ ಎರಡು ಸಲ, ಟಿಕ್ ಟಿಕ್.
ಅಪ್ಪ ಕಣ್ಣು ಮುಚ್ಚಿ ಆಹಾ ಎಂದ.
ನಾನು ತಲೆ ಎತ್ತಲಿಲ್ಲ.

ನಲವತ್ತಮೂರು ವರ್ಷ ಅದನ್ನು ನುಂಗಿಕೊಂಡೇ ಇದ್ದೆ.
ಈಗ ದಾವ್ ನದಿಯ ದಂಡೆಗೆ ನನ್ನದೇ ನೂಡಲ್ಸ್ ಅಂಗಡಿ.
ಅದೇ ಸೂಜಿಗಳು, ಚೀಲಗಟ್ಟಲೆ, ಮೇಜಿನ ಕೆಳಗೆ.
ಹೊಸ ಗಿರಾಕಿಗಳು ಬಂದು
ತಲೆನೋವು ಬರುತ್ತೆ, ಹಾಕಬೇಡಿ ಎನ್ನುತ್ತಾರೆ.
ಹಾಕುವುದಿಲ್ಲ.
ಆಮೇಲೆ ಅವರೇ ಮೀನಿನ ರಸ ಕೇಳುತ್ತಾರೆ, ಟೊಮೇಟೊ ಕೇಳುತ್ತಾರೆ.
'ಅವುಗಳಲ್ಲೂ ಇರೋದು ಅದೇ ಆಮ್ಲ' ಎಂದು ಗೊಣಗುತ್ತಾಳೆ
ಔಷಧಶಾಸ್ತ್ರ ಓದುವ ನನ್ನ ಮಗಳು ವೀ.
'ತಾಯಿಹಾಲಿನಲ್ಲೂ ಅದೇ. ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು.'

ಹೊಸ ವರ್ಷದ ಹಿಂದಿನ ದಿನ, ಮೂಳೆ ಕುದಿಯುತ್ತಿರುವಾಗ,
ಅಮ್ಮನಿಗೆ ಹೇಳಿಬಿಟ್ಟೆ.
ಅವಳು ನೊರೆ ತೆಗೆಯುವುದನ್ನು ನಿಲ್ಲಿಸಲಿಲ್ಲ.

'ನೀನು ನೆಕ್ಕಿದ್ದು ಉಪ್ಪೇ ಕಣೇ.
ನಿನ್ನ ತಮ್ಮ ಹೊಟ್ಟೆಯಲ್ಲಿದ್ದ.
ಬಸುರಿಯ ಬಯಕೆ, ಸಾಲಿನಲ್ಲಿ ನಿಂತು ಯಾರಿಗೆ ಹೇಳಲಿ?
ದಿನಕ್ಕೊಂದು ಕಡ್ಡಿ, ಕತ್ತಲಲ್ಲಿ.
ಮೂರು ತಿಂಗಳಿಗೆಲ್ಲ ಮುಗಿದೇ ಹೋಗಿತ್ತು.'

ಸೌಟು ತೊಳೆದು ಮತ್ತೆ ಅಂದಳು:
'ನಿನ್ನಪ್ಪನಿಗೂ ಗೊತ್ತಿತ್ತೇನೋ.
ಅಷ್ಟು ಜೋರಾಗಿ ಆಹಾ ಅನ್ನುತ್ತಿದ್ದ.'

ಅಷ್ಟರಲ್ಲಿ ಖುಯೆ ಬಂದ,
ಹೊಟ್ಟೆಯ ಮೇಲೆ ಗುಂಡಿ ನಿಲ್ಲದ ಅಂಗಿ.
ಸ್ಟೂಲು ಎಳೆದು ಕುಳಿತು ಒಂದು ಬಟ್ಟಲು ಸೊರ್ರನೆ ಮುಗಿಸಿ
ಖಾಲಿ ಬಟ್ಟಲನ್ನು ಮತ್ತೆ ಚಾಚಿದ:
'ಏನು ಹಾಕಿದ್ದೀರಿ ಇದಕ್ಕೆ?'

'ನೀರು' ಎಂದಳು ಅಮ್ಮ.